ಎಡಬಲಕ್ಕೆ ಬಗ್ಗದ ಜಲಜಕ್ಕ

ಜಲಜ ಎಂದರೆ ನೀರಿನಲ್ಲಿ ಹುಟ್ಟಿದವಳು. ಕುಂದಾಪುರದ ಕೋಡಿ ಎಂಬ ಊರಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಗಲಿಕ್ಕಿಲ್ಲ. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ಹಿಡಿಯಷ್ಟು ಹೊಯ್ಗೆ, ಅಂದರೆ ಮರಳು. ಆದರೆ ಈಗ ಅವಳನ್ನು ನೋಡಬೇಕಾದರೆ ಕೋಟೇಶ್ವರಕ್ಕೆ ಬರಬೇಕು. ಹೆದ್ದಾರಿಯ ಸರ್ವಿಸ್ ರಸ್ತೆ ಬದಿಯಲ್ಲಿ, ತಲೆಗೆ ಹಳದಿ ಹೆಲ್ಮೆಟ್ಟು, ಸೀರೆಯ ಮೇಲೊಂದು ಗಂಡಸರ ಅಂಗಿ, ಮೈಯೆಲ್ಲ ಕೆಸರು ಸಿಡಿಸಿಕೊಂಡು ಮರಿ ಹಿಟಾಚಿ ನಡೆಸುತ್ತಿರುತ್ತಾಳೆ. ಪಂಕಜ ಎಂದು ಇಟ್ಟಿದ್ದರೆ ಇನ್ನೂ ಚೆನ್ನಾಗಿ ಹೊಂದುತ್ತಿತ್ತು.

ನಮ್ಮೂರಲ್ಲಿ ಮಣ್ಣು ಅಗೆಯುವ ಯಂತ್ರ ಯಾವ ಕಂಪನಿಯದ್ದೇ ಇರಲಿ, ಚಕ್ರ ಇದ್ದರೆ ಅದು ಜೆಸಿಬಿ, ಸರಪಳಿ ಇದ್ದರೆ ಹಿಟಾಚಿ. ಅದರ ಸಣ್ಣ ಜಾತಿಯದ್ದು ಮರಿ ಹಿಟಾಚಿ. ಆಟೋರಿಕ್ಷಾದಷ್ಟು ಅಗಲ, ರಬ್ಬರಿನ ಪಟ್ಟಿ, ಮೇಲೊಂದು ತಗಡಿನ ಮಾಡು, ಕೂರಲು ಒಬ್ಬರಿಗೆ ಜಾಗ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆದ್ದಾರಿಯನ್ನು ಒಡೆದು ಕಟ್ಟುವ ಕೆಲಸ ಶುರುವಾದಾಗ ಬಂದ ದೊಡ್ಡ ದೊಡ್ಡ ಯಂತ್ರಗಳನ್ನು ಜನ ಬಸ್ಸು ನಿಲ್ಲಿಸಿ ನೋಡಿದರು. ಮರಿಯನ್ನು ಯಾರೂ ನೋಡಲಿಲ್ಲ. ಆದರೆ ರಸ್ತೆಗೂ ಅಂಗಡಿ ಮೆಟ್ಟಿಲಿಗೂ ನಡುವಿನ ಒಂದೂವರೆ ಮಾರು ಜಾಗದಲ್ಲಿ ಚರಂಡಿ ತೋಡಬೇಕು, ಆಚೆ ಕುಡಿಯುವ ನೀರಿನ ಪೈಪು, ಈಚೆ ಹೋಗುವ ಬರುವ ವಾಹನ ಅನ್ನುವಾಗ ದೊಡ್ಡವರೆಲ್ಲ ದೂರ ನಿಂತುಕೊಳ್ಳುತ್ತಾರೆ. ಆಗ ಕರೆಯುವುದು ಮರಿಯನ್ನೇ.

ಜಲಜ ಈ ಕೆಲಸಕ್ಕೆ ಬಂದದ್ದು ಹೆದ್ದಾರಿಯ ಮೇಲಿನ ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಅವಳ ಗಂಡ ಪಾಂಡು ಮೀನಿನ ಬೋಟಿನವನು. ಹೋದರೆ ಹತ್ತು ದಿನ ಬರುವುದಿಲ್ಲ, ಬಂದರೆ ಎರಡು ದಿನ ಮಾತಾಡುವುದಿಲ್ಲ. ಇವಳು ಇಪ್ಪತ್ತು ವರ್ಷ ಬುಟ್ಟಿ ಹೊತ್ತು ಕೋಟೇಶ್ವರದ ಮನೆ ಮನೆಗೆ ಬಂಗುಡೆ, ಬೂತಾಯಿ ಮೀನು ಮಾರಿದವಳು. ಅವಳ ಗಿರಾಕಿಗಳಲ್ಲಿ ಅರ್ಧ ಜನ ರಸ್ತೆಯ ಈಚೆ, ಅರ್ಧ ಜನ ಆಚೆ. ರಸ್ತೆ ಅಗಲವಾಗಿ ನಡುವೆ ಗೋಡೆ ಎದ್ದ ಮೇಲೆ ಆಚೆ ಹೋಗಬೇಕಾದರೆ ಮುಕ್ಕಾಲು ಮೈಲು ನಡೆದು, ಸೇತುವೆ ಅಡಿ ನುಗ್ಗಿ, ಮತ್ತೆ ಮುಕ್ಕಾಲು ಮೈಲು ಹಿಂದೆ ಬರಬೇಕು. ಅಷ್ಟು ಹೊತ್ತಿಗೆ ಮೀನಿಗೂ ಬಿಸಿಲು ತಾಗುತ್ತದೆ, ಗಿರಾಕಿಯ ತಲೆಗೂ. ಹೆದ್ದಾರಿ ಬಂದು ಅವಳಿಗಿದ್ದ ದಾರಿ ಹೋಯಿತು.

ಒಂದು ದಿನ ಖಾಲಿಯಾಗದ ಬುಟ್ಟಿಯನ್ನು ಆ ಗೋಡೆಯ ಮೇಲೆಯೇ ಇಟ್ಟು, ಅಲ್ಲಿದ್ದ ಸೂಪರ್‌ವೈಸರ್ ಗುರುಪ್ರಸಾದನನ್ನು ಕರೆದಳು. ಅವನು ಸಾಲಿಗ್ರಾಮದವನು, ಡಿಪ್ಲೊಮಾ ಮಾಡಿದವನು, ಯಾರು ಜೋರಾಗಿ ಮಾತಾಡಿದರೂ ‘ಹೌದು’ ಎನ್ನುವ ಸ್ವಭಾವದವನು.

“ಹ್ವಾಯ್, ನಮ್ಮ ಯಾಪಾರ ಹಾಳ್ ಮಾಡದ್ ನೀವೆ ಅಲ್ದಾ? ಹಾಂಗಾರೆ ಕೆಲ್ಸ ಕೊಡುದೂ ನೀವೆ.”

“ಹೌದ್,” ಎಂದ ಗುರುಪ್ರಸಾದ.

ಮರುದಿನದಿಂದ ಕೆಲಸ. ಕೆಲಸದ ಹೆಸರು ಕ್ಯೂರಿಂಗ್. ಅಂದರೆ ಹೊಸ ಕಾಂಕ್ರೀಟಿಗೆ ಮೂರು ಹೊತ್ತು ನೀರು ಕುಡಿಸುವುದು. ಕಾಂಕ್ರೀಟಿಗೆ ಏನು ಕಾಯಿಲೆ, ಅದು ಎಷ್ಟು ದಿನಕ್ಕೆ ಕ್ಯೂರ್ ಆಗುತ್ತದೆ ಎಂದು ಅವಳು ಕೇಳಲಿಲ್ಲ. ನೀರು ಹಾಕುವ ಹೆಂಗಸರು ಇವಳೂ ಸೇರಿ ಐದು ಜನ. ನೀರು ಹಾಕಿ ಮುಗಿದರೆ ಚರಂಡಿಯ ಹೊಂಡಕ್ಕಿಳಿದು ಕಲ್ಲು ಹೆಕ್ಕಬೇಕು, ತಳ ಸಮ ಮಾಡಬೇಕು. ಅವರಲ್ಲಿ ಗುಲಾಬಿ ಎಂಬವಳಿಗೆ ಅಳತೆಕೋಲಿನ ಕೆಲಸ. ಎದೆಯುದ್ದದ ಹೊಂಡದಲ್ಲಿ ಕೋಲು ಹಿಡಿದು ನಿಂತು, ಎಲ್ಲಿ ಇನ್ನೂ ತೆಗೆಯಬೇಕು, ಎಲ್ಲಿ ಸಾಕು ಎಂದು ಮರಿಯ ಮೇಲೆ ಕೂತವನಿಗೆ ಹೇಳುವುದು.

ಹೇಳುವುದು ಅಂದೆ. ಕಷ್ಟ ಇದ್ದದ್ದು ಅಲ್ಲೇ.

ನಮ್ಮ ಕಡೆಯವರಿಗೆ ಎಡಬಲ ಎನ್ನುವುದು ಉಣ್ಣುವ ಕೈಗೂ ತೊಳೆಯುವ ಕೈಗೂ ಮಾತ್ರ. ಉಳಿದದ್ದಕ್ಕೆಲ್ಲ ಮೂಡು, ಪಡು, ಉತ್ತರಕ್ಕೆ ಬಡಗು, ದಕ್ಷಿಣಕ್ಕೆ ತೆಂಕು. ಕಡಲು ಪಡುವಿಗೆ, ಘಟ್ಟ ಮೂಡಿಗೆ. ಅವೆರಡೂ ಜಾಗ ಬಿಟ್ಟು ಕದಲುವ ಗಿರಾಕಿಗಳಲ್ಲ. ಬಸ್ಸಿನಲ್ಲಿ ಪಕ್ಕದವರಿಗೆ “ಚೂರ್ ತೆಂಕ್ ಸರೀನಿ” ಎನ್ನುತ್ತೇವೆ. ಅಡಿಗೆಮನೆಯಲ್ಲಿ ಜೀರಿಗೆ ಡಬ್ಬಿ ಮೆಣಸಿನ ಡಬ್ಬಿಯ ಬಡಗು ಬದಿಗಿರುತ್ತದೆ. ಕಾನ್ವೆಂಟಿನಲ್ಲಿ ಸಿಸ್ಟರ್ ‘ಲೆಫ್ಟ್ ಟರ್ನ್’ ಎಂದು ಕೂಗಿದರೆ ನಮ್ಮಲ್ಲಿ ಅರ್ಧ ಕ್ಲಾಸು ಚರ್ಚಿನ ಕಡೆಗೂ ಇನ್ನರ್ಧ ಕ್ಲಾಸು ಮೀನುಮಾರ್ಕೆಟ್ಟಿನ ಕಡೆಗೂ ತಿರುಗಿ, ಡ್ರಿಲ್ ಮುಗಿಯುವಾಗ ಒಬ್ಬರಿಗೊಬ್ಬರು ಮುಖಾಮುಖಿ ನಿಂತಿರುತ್ತಿದ್ದೆವು. ಎಡ ಎಂದರೆ ನಮಗೆ ಎಡವಟ್ಟಿನ ಮೊದಲರ್ಧ.

ಆಗ ಮರಿಯನ್ನು ನಡೆಸುತ್ತಿದ್ದವನು ಬಹಳ ದೂರದ ರಾಜ್ಯದವನು. ಒಳ್ಳೆಯ ಮನುಷ್ಯ, ಒಳ್ಳೆಯ ಕೈ. ಊಟದ ಹೊತ್ತಿಗೆ ಜಲಜ ಹತ್ತಿರ ಹೋಗಿ ನಿಂತರೆ ಸೀಟು ಬಿಟ್ಟು ಕೊಟ್ಟು, ಎರಡು ಹಿಡಿಗಳಲ್ಲಿ ಯಾವುದನ್ನು ಎಳೆದರೆ ಏನಾಗುತ್ತದೆ ಎಂದು ತೋರಿಸಿದವನು ಅವನೇ. ಆದರೆ ಅವನಿಗೆ ಮೂಡು ಪಡು ಗೊತ್ತಿಲ್ಲ. “ದಾಯೇಂ ಬೋಲೋ, ಬಾಯೇಂ ಬೋಲೋ” ಎಂದು ಗುಲಾಬಿಗೆ ಪಾಠ ಮಾಡಿದ. ಎಡಬಲ ಅವನದ್ದೇ ಲೆಕ್ಕದಲ್ಲಿ ಹೇಳಬೇಕು ಎಂದ. ಗುಲಾಬಿ ಹೊಂಡದಲ್ಲಿ ಅವನಿಗೆ ಎದುರಾಗಿ ನಿಂತವಳು. ಅವನ ಬಲ ಇವಳಿಗೆ ಎಡ. ಅದನ್ನು ತಲೆಯಲ್ಲಿ ತಿರುಗಿಸುವುದು ಬೇಡವೆಂದು ಅವಳೊಂದು ಉಪಾಯ ಕಂಡುಕೊಂಡಳು. ಎಡ ಹೇಳಬೇಕೋ ಬಲ ಹೇಳಬೇಕೋ ಎಂದು ಸಂಶಯ ಬಂದಾಗ ತಾನೇ ತಿರುಗಿ, ಅವನು ನೋಡುವ ದಿಕ್ಕಿಗೇ ಮೋರೆ ಮಾಡಿ, ಕೈ ಎತ್ತಿ ನೋಡಿ, ಕೂಗುವುದು.

ಹಾಗೆ ತಿರುಗಿದ ಒಂದು ಬೆಳಿಗ್ಗೆ ಮರಿಯ ಬಕೆಟ್ಟು ಅವಳ ಬೆನ್ನಿಗೆ ಬಂದು ತಾಗಿತು. ಬರುವುದನ್ನು ಅವಳು ಕಾಣಲಿಲ್ಲ. ಮೇಲೆ ನೀರಿನ ಪೈಪು ಹಿಡಿದಿದ್ದ ಜಲಜ “ಪಡು! ಪಡು ಬದಿಗೆ!” ಎಂದು ಬೊಬ್ಬೆ ಹಾಕಿದ್ದು ಅವನಿಗೆ ಕೇಳಿಸಿತು, ಅರ್ಥವಾಗಲಿಲ್ಲ. ಎರಡು ಪಕ್ಕೆಲುಬು. ಗುಲಾಬಿ ಎರಡು ತಿಂಗಳು ಎದ್ದು ಕೂರಲಿಲ್ಲ. ಆ ಮನುಷ್ಯ ಅತ್ತು, ಅವಳ ಮನೆಗೆ ಹೋಗಿ ಕೈಮುಗಿದು, ಹಬ್ಬಕ್ಕೆಂದು ಊರಿಗೆ ಹೋದವನು ತಿರುಗಿ ಬರಲಿಲ್ಲ.

ಮರಿ ನಾಲ್ಕು ದಿನ ಸುಮ್ಮನೆ ನಿಂತಿತು. ಐದನೆಯ ದಿನ ಜಲಜ ಗುರುಪ್ರಸಾದನ ಎದುರು ಹೋದಳು.

“ಗಾಡಿ ನಾ ಬಿಡ್ತೆ.”

“ಲೈಸೆನ್ಸ್ ಬೇಕಲೆ ಜಲಜಕ್ಕ?”

“ಎಂತಕ್ಕೆ? ಅಲ್ಲ್ ರೋಡೇ ಇಲ್ಲೆ ಅಲ್ದಾ, ಬರೀ ಹೊಂಡ.”

“ಹೌದ್,” ಎಂದ ಗುರುಪ್ರಸಾದ. ಆಮೇಲೆ ಲೈಸೆನ್ಸೂ ಆಯಿತು ಅನ್ನಿ, ಅವನೇ ಹೆದರಿಕೊಂಡು ಓಡಾಡಿ ಮಾಡಿಸಿದ.

ಎರಡು ವರ್ಷ ಅವಳು ಆ ಸೀಟಿನಿಂದ ಇಳಿಯಲಿಲ್ಲ. ಮರಿಯ ವಿಶೇಷ ಏನೆಂದರೆ ಕೆಳಗಿನ ಪಟ್ಟಿ ಇದ್ದಲ್ಲೇ ಇರುತ್ತದೆ, ಮೇಲಿನ ಸೀಟು, ಮಾಡು, ತೋಳು ಎಲ್ಲ ಸೇರಿ ಪೂರ್ತಿ ಸುತ್ತು ತಿರುಗುತ್ತದೆ. ಮಣ್ಣು ತೆಗೆಯುವಾಗ ಒಂದು ಕಡೆ ಮೋರೆ, ಟಿಪ್ಪರಿಗೆ ಸುರಿಯುವಾಗ ಇನ್ನೊಂದು ಕಡೆ. ಪ್ರತಿ ಸಲವೂ ಎಡಬಲ ಬದಲು. ಆದರೆ ಗುಲಾಬಿ ಹುಷಾರಾಗಿ ಮತ್ತೆ ಕೋಲು ಹಿಡಿದ ಮೇಲೆ ಹೊಂಡದಿಂದ “ಪಡುವಿಗೆ ಒಂದ್ ಗೇಣ್, ಜಲಜಕ್ಕ” ಎಂದರೆ ಸಾಕು, ಸೀಟು ಎತ್ತ ತಿರುಗಿದ್ದರೂ ಬಕೆಟ್ಟು ಕಡಲಿನ ಕಡೆಗೆ ಒಂದೇ ಗೇಣು ಸರಿಯುತ್ತಿತ್ತು. ಅಂಗಡಿಯ ಒಂದು ಮೆಟ್ಟಿಲು ಮುಕ್ಕಾಗಲಿಲ್ಲ. ಒಂದು ಪೈಪು ಒಡೆಯಲಿಲ್ಲ. ಯಾರೂ ಯಾರಿಗೂ ಬೆನ್ನು ಹಾಕಲಿಲ್ಲ.

ಹೀಗಿರುವಾಗ ಕಂಪನಿಯ ಹೆಡ್ಡಾಫೀಸಿನಿಂದ ಒಂದು ಸುತ್ತೋಲೆ ಬಂತು. ಯಂತ್ರ ನಡೆಸುವವರೆಲ್ಲ ಸುರಕ್ಷತಾ ಪರೀಕ್ಷೆ ಪಾಸಾಗಬೇಕು, ಫೇಲಾದವರು ಸೀಟು ಬಿಡಬೇಕು. ಪರೀಕ್ಷೆ ತೆಗೆದುಕೊಳ್ಳುವವರು ಸೇಫ್ಟಿ ಆಫೀಸರ್ ಶಾಮರಾಯರು. ಕೋಟದ ಕಡೆಯವರು, ಮೂವತ್ತು ವರ್ಷ ಹೊರಗೆ ದುಡಿದು ಬಂದವರು. ಕಂಡವರನ್ನೆಲ್ಲ ಹೆಲ್ಮೆಟ್ ಎಲ್ಲಿ, ಬೂಟ್ಸ್ ಎಲ್ಲಿ ಎಂದು ಚುಚ್ಚುತ್ತಿದ್ದುದರಿಂದ ಅವರಿಗೆ ಸೈಟಿನಲ್ಲಿ ಸೇಫ್ಟಿ ಪಿನ್ ಎಂದೇ ಹೆಸರು. ಕೆಟ್ಟವರಲ್ಲ. ಪಿನ್ನಿನ ಕೆಲಸವೇ ಚುಚ್ಚುವುದು, ಇಲ್ಲದಿದ್ದರೆ ಮಾನ ಉಳಿಯುವುದಿಲ್ಲ.

ಪರೀಕ್ಷೆಯಲ್ಲಿ ಲೆಫ್ಟ್, ರೈಟ್ ಎಂದೇ ಹೇಳುತ್ತಾರೆ ಎಂದು ಗುರುಪ್ರಸಾದನಿಗೆ ಗೊತ್ತಾಯಿತು. ಅವನು ಹಿಂದಿನ ದಿನ ಓಡಿ ಬಂದು, ಕೋಟೇಶ್ವರದ ಹೊಂಡದ ಬದಿಯಲ್ಲೇ ನಿಂತು ಜಲಜಳಿಗೆ ಪಾಠ ಮಾಡಿದ.

“ಕಾಣಿ ಜಲಜಕ್ಕ, ಸುಲಭ. ಲೆಫ್ಟ್ ಅಂದ್ರೆ ಪಡು, ಅಂಗಡಿ ಬದಿ. ರೈಟ್ ಅಂದ್ರೆ ಮೂಡು, ರೋಡ್ ಬದಿ. ಬಾಯ್ಪಾಠ ಮಾಡ್ಕಣಿ.”

ಜಲಜ ಬಾಯಿಪಾಠ ಮಾಡಿದಳು. ಮನೆಗೆ ಹೋಗಿ ಅನ್ನ ಬಸಿಯುವಾಗಲೂ ಹೇಳಿಕೊಂಡಳು. ಲೆಫ್ಟ್ ಪಡು, ರೈಟ್ ಮೂಡು.

ಪರೀಕ್ಷೆ ಸಾಸ್ತಾನದ ಯಾರ್ಡಿನಲ್ಲಿ. ಮರಿಯ ಎರಡು ಪಕ್ಕದಲ್ಲಿ ಎರಡು ಖಾಲಿ ಡ್ರಮ್ಮು, ಎದುರಿಗೆ ಹೊಯ್ಗೆಯ ರಾಶಿ. ರಾಯರು ಲೆಫ್ಟ್ ಎಂದರೆ ಎಡದ ಡ್ರಮ್ಮಿಗೆ, ರೈಟ್ ಎಂದರೆ ಬಲದ ಡ್ರಮ್ಮಿಗೆ ಹೊಯ್ಗೆ ಹಾಕಬೇಕು, ಮತ್ತೆ ನಡುವಿಗೆ ಬರಬೇಕು. ಹತ್ತು ಸಲ. ಜಲಜ ಹತ್ತು ಸಲವೂ ಹಾಕಿದಳು. ಒಂದು ಹಿಡಿ ಹೊಯ್ಗೆ ಹೊರಗೆ ಬೀಳಲಿಲ್ಲ, ಡ್ರಮ್ಮಿನ ಅಂಚಿಗೆ ಬಕೆಟ್ಟು ತಾಗಿದ ಸದ್ದಿಲ್ಲ. ಇಳಿದು ಬಂದು ಬೆವರು ಒರೆಸಿಕೊಂಡು ನಿಂತಳು.

“ಹತ್ತಕ್ಕೆ ಹತ್ತೂ ತಪ್ಪು,” ಎಂದರು ರಾಯರು.

ಗುರುಪ್ರಸಾದ ಲೆಕ್ಕ ಹಾಕಿದ. ಏನೂ ಗೊತ್ತಿಲ್ಲದವರು ಅಂದಾಜಿನಲ್ಲಿ ತಿರುಗಿಸಿದರೂ ಐದಾದರೂ ಸರಿಯಾಗುತ್ತದೆ. ಹತ್ತಕ್ಕೆ ಹತ್ತೂ ತಪ್ಪಬೇಕಾದರೆ ಪಾಠ ಬಹಳ ಚೆನ್ನಾಗಿ ಬಂದಿರಬೇಕು. ಅವನು ಮರಿಯ ಮೋರೆ ನೋಡಿದ, ಕಡಲು ಯಾವ ಕಡೆ ಎಂದು ನೋಡಿದ, ಹಣೆ ಚಚ್ಚಿಕೊಂಡ. ಕೋಟೇಶ್ವರದ ಹೊಂಡದಲ್ಲಿ ಮರಿ ಯಾವಾಗಲೂ ಬಡಗು ಮೋರೆ ಮಾಡಿ ನಿಲ್ಲುತ್ತದೆ. ಇಲ್ಲಿ ಯಾರೋ ಅದನ್ನು ತೆಂಕು ಮೋರೆ ಮಾಡಿ ನಿಲ್ಲಿಸಿದ್ದರು. ಲೆಫ್ಟ್ ಎಂದಾಗಲೆಲ್ಲ ಜಲಜ ನಿಷ್ಠೆಯಿಂದ ಪಡುವಿಗೇ ಹಾಕಿದ್ದಳು.

“ಸಾರ್, ತಪ್ಪ್ ನಂದ್,” ಎಂದು ಗುರುಪ್ರಸಾದ ಎಲ್ಲ ವಿವರಿಸಿದ. ರಾಯರು ಕೇಳಿದರು. ಕೇಳಿ, ಫಲಿತಾಂಶದ ಕಾಗದದಲ್ಲಿ ಅನುತ್ತೀರ್ಣ ಎಂದು ಬರೆದು ಜಲಜಳ ಮುಂದೆ ಹಿಡಿದರು.

“ಸಹಿ ಹಾಕಮ್ಮ.”

“ಹಾಕ್ತಿಲ್ಲೆ.”

“ಬರೆಯಲು ಬಾರದಿದ್ದರೆ ಹೆಬ್ಬೆಟ್ಟೂ ಆಗುತ್ತದೆ.”

“ಬತ್ತ್ ರಾಯ್ರೆ. ಏಳ್ನೇ ಕ್ಲಾಸ್ ಪಾಸ್. ಬಪ್ದ್ ಬೇರೆ, ಹಾಕುದ್ ಬೇರೆ.”

“ನೋಡಮ್ಮ, ನಿಯಮ ನಿಯಮವೇ. ಎಡಬಲ ಗೊತ್ತಿಲ್ಲದವರ ಕೈಯಲ್ಲಿ ಯಂತ್ರ ಕೊಟ್ಟರೆ ನಾಳೆ ಯಾರದ್ದಾದರೂ ಜೀವ ಹೋಗುತ್ತದೆ. ಒಂದು ವಾರ ಕಲಿತು ಬಾ. ಬಲಗೈಗೆ ಒಂದು ಕೆಂಪು ದಾರ ಕಟ್ಟಿಕೋ. ಮತ್ತೊಮ್ಮೆ ಪರೀಕ್ಷೆ ಮಾಡುತ್ತೇನೆ.”

ಇಷ್ಟು ದೊಡ್ಡ ರಿಯಾಯಿತಿ ರಾಯರು ಯಾರಿಗೂ ಕೊಟ್ಟವರಲ್ಲ. ಗುರುಪ್ರಸಾದ ಹೌದು ಎನ್ನಲು ಬಾಯಿ ತೆರೆದ. ಜಲಜ ಅವನಿಗಿಂತ ಮೊದಲು ಮಾತಾಡಿದಳು.

“ನನ್ಗೆ ಬಲಗೈ ಯಾವ್ದ್ ಅಂದೇಳಿ ಗೊತ್ತಿತ್ತ್. ದಿನಾ ಉಣ್ಣುದ್ ಅದ್ರಲ್ಲೇ. ಕಲಿಯೂದ್ ದೊಡ್ಡ ಸಂಗ್ತಿ ಅಲ್ಲ. ಆದ್ರೆ ನಾ ಕಲ್ತ್ರೆ ಸಾಕಾ? ಹೊಂಡದ್ ಒಳ್ಗೆ ಇಪ್ಪರು ನಾಲ್ಕ್ ಜನ. ಮಣ್ಣ್ ಜರಿವತ್ತಿಗೆ ಅವ್ರ್ ಬಾಯಂಗೆ ಬಪ್ದ್ ಮೂಡು ಪಡುವೇ. ನಾ ಆಗ ಲೆಫ್ಟಾ ರೈಟಾ ಅಂದೇಳಿ ಲೆಕ್ಕ ಹಾಕ್ತಾ ಕೂಕಂಡ್ರೆ? ಗುಲಾಬಿ ಬೆನ್ನ್ ಒಂದ್ಸಲ ಮುರ್ದದ್ ಸಾಲ್ದಾ?”

“ಅದೆಲ್ಲ ಬರೆಯಲು ಇದರಲ್ಲಿ ಕಾಲಂ ಇಲ್ಲ.”

“ಹಾಂಗಾರೆ ನನ್ನ್ ಸೈನೂ ಇಲ್ಲೆ.”

ಅವಳು ಕುಂದಾಪುರದ ಬಸ್ಸು ಹತ್ತಿ ಹೋದಳು. ಮರಿಯ ಕೀಲಿ ಯಾರ್ಡಿನಲ್ಲಿ ಉಳಿಯಿತು.

ಮರುದಿನ ಕೋಟೇಶ್ವರದ ಹೊಂಡಕ್ಕೆ ಮರಿಯನ್ನೂ, ಬೈಂದೂರು ಕಡೆಯ ಕೆಲಸದಲ್ಲಿದ್ದ, ಪರೀಕ್ಷೆ ಪಾಸಾದ ಹೊರ ರಾಜ್ಯದ ಒಬ್ಬ ಆಪರೇಟರನ್ನೂ ಕಳಿಸಿದರು. ಜಲಜ ಮಾಮೂಲಿ ಹೊತ್ತಿಗೆ ಬಂದು, ಹೆಲ್ಮೆಟ್ಟು ಹಾಕಿಕೊಂಡು, ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತಳು. ಅವಳ ಬಡಗು ಬದಿಗೆ ಗುಲಾಬಿ ಕೂತಳು. ಉಳಿದ ಮೂವರು ಅವಳ ತೆಂಕು ಬದಿಗೆ.

“ಇಳೀನಿ ಮರಾಯ್ರೆ,” ಎಂದು ಗುರುಪ್ರಸಾದ ಗೋಗರೆದ. “ಮಳೆಗಾಲಕ್ಕೆ ಇನ್ನ್ ಇಪ್ಪತ್ತ್ ದಿನ ಇಲ್ಲೆ. ನೀರ್ ಎಲ್ಲಾ ಅಂಗ್ಡಿ ಒಳ್ಗೆ ಹೋತ್ತ್.”

“ಆ ಗಾಡಿ ಮೇಲ್ ಕೂಕಂಡರಿಗೆ ಪಡು ಗೊತ್ತಿತ್ತಾ?” ಗುಲಾಬಿ ಕೇಳಿದಳು.

“ಇಲ್ಲೆ.”

“ಹಾಂಗಾರೆ ನನ್ಗೆ ಹೊಂಡ ಗೊತ್ತಿಲ್ಲೆ.”

“ನಿನ್ ಪಕ್ಕೆಲ್ಬ್ ಸರಿಯಾಯ್ತಲೆ ಗುಲಾಬಿ?”

“ಸರಿಯಾದದ್ದಕ್ಕೆ ಹೇಳ್ತಿಪ್ದ್. ಇನ್ನೊಂದ್ಸಲ ಮುರ್ಸ್ಕಂಬುಕೆ ಅಲ್ಲ.”

ಅಳತೆಕೋಲು ಇಲ್ಲದೆ ಮರಿ ಕೆಲಸ ಮಾಡಲಾರದು. ಹೊಸ ಆಪರೇಟರು ಸಭ್ಯ ಮನುಷ್ಯ. ಹೆಂಗಸರು ಕೊಟ್ಟ ಚಾ ಕುಡಿದು, ಗಾಡಿಯ ನೆರಳಲ್ಲಿ ಮಲಗಿದ. ಅಂಗಡಿಯವರು ಮೊದಲ ದಿನ ನಕ್ಕರು, ಎರಡನೆಯ ದಿನ ಬೈದರು. ಮೂರನೆಯ ದಿನ ಆಕಾಶ ನೋಡಿ ರಾಯರ ಆಫೀಸಿಗೆ ಹೋಗಿ ಬೈದರು. ಕೆಲಸ ನಿಂತರೆ ವಿವರಣೆ ಬರೆಯಬೇಕಾದವರು ರಾಯರೇ. ಸಹಿ ಇಲ್ಲದ ಫಲಿತಾಂಶವನ್ನು ಹೆಡ್ಡಾಫೀಸು ತೆಗೆದುಕೊಳ್ಳುವುದೂ ಇಲ್ಲ.

ನಾಲ್ಕನೆಯ ದಿನ ಹತ್ತು ಗಂಟೆಗೆ ಜೀಪು ಬಂದು ನಿಂತಿತು. ರಾಯರು ಇಳಿದರು, ಕೈಯಲ್ಲಿ ಅದೇ ಕಾಗದ.

“ಏನಮ್ಮ, ನಿನ್ನ ಹಟ ಮುಗಿಯಿತಾ?”

“ನಂದ್ ಹಟ ಅಲ್ಲ ರಾಯ್ರೆ, ಮಾತ್. ಒಂದ್ ಮಾತ್ ಹೇಳ್ತೆ, ಕೇಣಿ. ನಾ ಗಾಡಿ ಮೇಲ್ ಕೂಕಂತೆ. ನೀವ್ ಗುಲಾಬಿ ನಿಂತ್ಕಂಬಲ್ಲ್ ನಿಂತ್ಕಣಿ. ಲೆಫ್ಟ್ ರೈಟ್ ಅಂದೇ ಹೇಳಿ, ಪುಸ್ತಕದಂಗೆ ಇದ್ದಾಂಗೆ. ಎರ್ಡ್ ಮಾರ್ ಹೊಂಡ ತೆಗುವ. ನಾ ತಪ್ಪಿದ್ರೆ ಅಲ್ಲೇ ಸೈನ್ ಹಾಕಿ ನೀರ್ ಬಿಡುಕೆ ಹೋತೆ. ಮತ್ತೆ ಈ ಸೀಟಿನ್ ಹೆಸ್ರ್ ಎತ್ತುದಿಲ್ಲೆ.”

ಈ ನಾಲ್ಕು ದಿನದಲ್ಲಿ ಅವಳು ಎಡಬಲ ಕಲಿತಿದ್ದಾಳೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಗುರುಪ್ರಸಾದ ಮಾತ್ರ ಇನ್ನೊಂದು ಪಾಠ ಮಾಡಲು ಹೋಗಿ ಬೈಸಿಕೊಂಡು ಬಂದಿದ್ದ. ರಾಯರು ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡರು. ಬೂಟ್ಸಿನ ಲೇಸು ನೋಡಿಕೊಂಡರು. ಏಣಿ ಹಿಡಿದು, ನಿಯಮದ ಪ್ರಕಾರ ಯಂತ್ರಕ್ಕೆ ಮುಖ ಮಾಡಿ, ಹೊಂಡಕ್ಕಿಳಿದರು.

ಜಲಜ ಮರಿಯನ್ನು ಚಾಲೂ ಮಾಡಿದಳು. ಮರಿಯ ಮೋರೆ ಬಡಗಿಗೆ, ರಾಯರ ಮೋರೆ ತೆಂಕಿಗೆ. ನಡುವೆ ಬಕೆಟ್ಟು, ರಾಯರಿಂದ ಎರಡು ಮಾರು ದೂರ.

“ಕೆಳಗೆ,” ಎಂದರು ರಾಯರು. ಬಕೆಟ್ಟು ಕೆಳಗಿಳಿಯಿತು.

“ಎಳಿ. ಸಾಕು. ಮೇಲೆ.” ಮಣ್ಣು ತುಂಬಿ ಮೇಲೆ ಬಂತು. ಟಿಪ್ಪರಿಗೆ ಬಿತ್ತು. ಮೇಲೆ ಕೆಳಗೆ ಎನ್ನುವುದರಲ್ಲಿ ಯಾರ ಮೇಲೆ, ಯಾರ ಕೆಳಗೆ ಎಂಬ ಜಗಳ ಇಲ್ಲ. ರಾಯರ ಮುಖದಲ್ಲಿ ಧೈರ್ಯ ಬಂತು. ಬಕೆಟ್ಟು ಮತ್ತೆ ಹೊಂಡದ ಮೇಲೆ ಬಂದು ನಿಂತಾಗ ಅವರು ಕೋಲು ಊರಿ ನೋಡಿದರು. ಹೊಂಡದ ಅಂಗಡಿ ಬದಿಯ ಗೋಡೆಯಲ್ಲಿ ಇನ್ನೂ ಒಂದು ಗೇಣು ಮಣ್ಣು ತೆಗೆಯಬೇಕಿತ್ತು. ನೀರಿನ ಪೈಪು ಅಲ್ಲೇ ಹತ್ತಿರ. ಈ ಬದಿಗೆ ಸರಿದರೆ ಕೆಲಸ, ಆ ಬದಿಗೆ ತಪ್ಪಿದರೆ ರಸ್ತೆಯ ಅಂಚು ಕುಸಿಯುತ್ತದೆ.

“ರೈಟ್…” ಎಂದರು. ಬಕೆಟ್ಟು ಅಲುಗುವ ಮೊದಲೇ “ಅಲ್ಲ, ನಿಲ್ಲು, ನಿಲ್ಲು” ಎಂದರು. ತಮ್ಮ ಬಲಗೈ ನೋಡಿದರು. ಅದು ಅಂಗಡಿ ಬದಿಗಿತ್ತು. ಆದರೆ ಪುಸ್ತಕದಲ್ಲಿ ಹೇಳಿರುವುದು ಆಪರೇಟರನ ಎಡಬಲ. ಅವಳ ಬಲ ಅಂದರೆ… ಅವರು ಬಾಯಲ್ಲಿ ಏನೋ ಗುಣಿಸಿದರು. ಆಮೇಲೆ ಕಾಲು ಎತ್ತಿಟ್ಟು ನಿಧಾನಕ್ಕೆ ಪೂರ್ತಿ ತಿರುಗಿದರು. ಈಗ ಅವರ ಮೋರೆಯೂ ಬಡಗಿಗೆ, ಅವಳ ಹಾಗೆಯೇ. ಎಡಗೈಯನ್ನು ಅಂಗಡಿಯ ಕಡೆಗೆ ನೀಟಾಗಿ ಚಾಚಿ, ಸಂತೋಷದಿಂದ ಕೂಗಿದರು. “ಲೆಫ್ಟ್!”

ಮರಿಯ ಸದ್ದು ನಿಂತಿತು.

“ಯಾಕೆ ಆಫ್ ಮಾಡಿದೆ? ನಾನು ಸರಿಯಾಗಿಯೇ ಹೇಳಿದೆನಲ್ಲ?” ಎಂದು ರಾಯರು ಕೈ ಚಾಚಿಕೊಂಡೇ ಕೇಳಿದರು.

ಅವರು ತಿರುಗಿ ನೋಡಿದರು. ಬಕೆಟ್ಟಿನ ಐದು ಹಲ್ಲುಗಳು ಅವರ ಎದೆಯೆತ್ತರದಲ್ಲಿ, ಮೊದಲಿದ್ದಲ್ಲೇ, ಅಲುಗದೆ ನಿಂತಿದ್ದವು. ಎರಡು ಹಿಡಿಗಳಿಂದಲೂ ಕೈ ತೆಗೆದು ಜಲಜ ಮಡಿಲಲ್ಲಿ ಇಟ್ಟುಕೊಂಡಿದ್ದಳು.

“ಸರಿ ಹೇಳದ್ರಿ ರಾಯ್ರೆ. ಲೆಫ್ಟೇ ಅದ್. ಆದ್ರೆ ಅದ್ ಸರಿ ಹೇಳುಕೆ ನೀವ್ ಗಾಡಿಗೆ ಬೆನ್ನ್ ಹಾಕದ್ರಿ. ಗುಲಾಬಿಯೂ ಅವತ್ತ್ ಸರಿಯೇ ಹೇಳಿತ್ತ್. ಹೀಂಗೇ ಬೆನ್ನ್ ಹಾಕಿ.”

ರಾಯರು ಮೂವತ್ತು ವರ್ಷ ಸೇಫ್ಟಿ ಪಾಠ ಮಾಡಿದವರು. ನಡೆಯುವ ಯಂತ್ರಕ್ಕೆ ಬೆನ್ನು ಹಾಕಬಾರದು ಎನ್ನುವುದು ಅವರ ಪುಸ್ತಕದ ಮೊದಲ ಪುಟದಲ್ಲೇ ಇದೆ. ಎರಡನೆಯ ಪುಟದ ಎಡಬಲ ಹೇಳಲು ಹೋಗಿ ಅವರು ಮೊದಲ ಪುಟ ಮುರಿದಿದ್ದರು. ಬೆನ್ನಿನ ಮೇಲೆ ಒಮ್ಮೆ ಕೈ ಆಡಿಸಿಕೊಂಡರು. ಮೆಟ್ಟಿಲ ಮೇಲೆ ಕೂತಿದ್ದ ಗುಲಾಬಿಯನ್ನು ನೋಡಿದರು. ಗುಲಾಬಿ ನಗಲಿಲ್ಲ.

ರಾಯರು ಮತ್ತೆ ಕೋಲು ಊರಿ ನಿಂತರು. ಆಮೇಲೆ ಅವರ ಬಾಯಿಂದ ಬಂದದ್ದು ಮೂವತ್ತು ವರ್ಷದ ಆಫೀಸಿನ ಕನ್ನಡವಲ್ಲ.

“ಗಾಡಿ ಶುರು ಮಾಡ್ ಕಾಂಬ. ಪಡುವಿಗೆ ಒಂದ್ ಗೇಣ್ ತಕೊ.”

ಮರಿ ಗುಡುಗಿತು. ಬಕೆಟ್ಟು ಪಡುವಿಗೆ ಸರಿದು ಒಂದು ಗೇಣು ಮಣ್ಣನ್ನು ಕೇಕಿನ ತುಂಡಿನಂತೆ ಕತ್ತರಿಸಿ ತೆಗೆಯಿತು. ಪೈಪಿಗೆ ತಾಗಲೂ ಇಲ್ಲ. “ಮೂಡಿಗೆ ಅರ್ಧ ಗೇಣ್. ಹಾಂ. ಬಡ್ಗಿಗೆ ಬಾ. ಸಾಕ್, ಸಾಕ್!” ಎರಡು ಮಾರು ಎಂದದ್ದು ಆರು ಮಾರಾಯಿತು. ಸೀಟು ಎತ್ತ ತಿರುಗಿದರೂ ರಾಯರು ತಿರುಗಲಿಲ್ಲ. ಅವರ ಕಣ್ಣು ಬಕೆಟ್ಟಿನ ಮೇಲೆಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಗುಲಾಬಿ ಮೆಟ್ಟಿಲಿಂದ ಎದ್ದು ಬಂದು “ಕೋಲ್ ಇತ್ಲಾಗ್ ಕೊಡಿ ರಾಯ್ರೆ, ನಿಮ್ಗೆ ಬೊಜ್ಜ್ ಅಡ್ಡ ಬತ್ತ್” ಎಂದು ಕೇಳಿ ಪಡೆಯಬೇಕಾಯಿತು.

ಮೇಲೆ ಬಂದ ರಾಯರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ‘ಅನುತ್ತೀರ್ಣ’ದ ‘ಅನು’ವನ್ನು ಹೊಡೆದು, ಮೇಲೊಂದು ‘ಉ’ ಬರೆದು, ಉತ್ತೀರ್ಣ ಮಾಡಿದರು. ಪಕ್ಕದಲ್ಲಿ ತಮ್ಮ ಚಿಕ್ಕ ರುಜು ಹಾಕಿದರು. ಪೆನ್ನು ಜಲಜಳ ಕಡೆಗೆ ಚಾಚಿದರು.

ಅವಳು ತೆಗೆದುಕೊಳ್ಳಲಿಲ್ಲ. ಕಾಗದವನ್ನು ತೆಗೆದುಕೊಂಡು ಮೊದಲಿಂದ ಕೊನೆಯವರೆಗೆ ಅಕ್ಷರ ಅಕ್ಷರ ಓದಿದಳು. ಗುರುಪ್ರಸಾದ ಒಮ್ಮೆ ಕೆಮ್ಮಿದ.

“ಇಲ್ಲ್ ಎಂತ ಬರ್ದದ್? ‘ಸಂಜ್ಞೆಯ ಭಾಷೆ’ ಅಂದೇಳಿ ಇತ್ತ್. ಅದ್ರ ಎದ್ರಿಗೆ ಲೆಫ್ಟ್, ರೈಟ್ ಅಂದೇ ಇತ್ತಲೆ?”

“ಅದು ಅಚ್ಚಾದದ್ದು. ಹಾಗೆಯೇ ಇರಲಿ. ಪಾಸ್ ಮಾಡಿದೆನಲ್ಲ?”

“ನನ್ನ್ ಒಬ್ಳನ್ನ್ ಪಾಸ್ ಮಾಡದ್ರಿ. ನಾಳೆ ಇನ್ನೊಬ್ರ್ ಬಂದ್ ಗುಲಾಬಿ ಹತ್ರ ಲೆಫ್ಟ್ ಹೇಳ್ ಅಂತ್ರ್. ಅದನ್ನ್ ಹೊಡ್ದ್ ಹಾಕಿ, ನಾಲ್ಕ್ ಶಬ್ದ ಬರೀನಿ. ಆಮೇಲೆ ಸೈನ್.”

“ಹೆಡ್ಡಾಫೀಸಿನವರು ಇದು ಏನು ಅಂತ ಕೇಳುತ್ತಾರೆ.”

“ಕೇಣ್ಲಿ. ಕಡ್ಲ್ ಕಾಂಬುಕೆ ಬಪ್ಪುಕೆ ಹೇಳಿ.”

ರಾಯರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕೊನೆಗೆ ಅಚ್ಚಾದ ಎರಡು ಶಬ್ದಗಳ ಮೇಲೆ ಗೆರೆ ಎಳೆದು, ದುಂಡು ಅಕ್ಷರದಲ್ಲಿ ಬರೆದರು: ಮೂಡು, ಪಡು, ಬಡಗು, ತೆಂಕು. ಜಲಜ ನಾಲ್ಕನ್ನೂ ಬೆರಳಿಟ್ಟು ಓದಿ ನೋಡಿ, ಅದರ ಕೆಳಗೆ ಇಡೀ ಹೆಸರು ಬರೆದಳು.

ಹೆಡ್ಡಾಫೀಸು ಕೇಳಿದ್ದು ಹೌದು. ರಾಯರು ಎರಡು ಪುಟದ ಉತ್ತರ ಬರೆದರಂತೆ, ಅದರಲ್ಲಿ ತಮ್ಮ ಬೆನ್ನಿನ ವಿಷಯವನ್ನೂ ಬಿಡದೆ. ಚರಂಡಿ ಮಳೆಗೆ ಎರಡು ದಿನ ಮುಂಚೆ ಮುಗಿಯಿತು. ಮೊದಲ ಮಳೆಗೆ ನೀರು ಅಂಗಡಿಯೊಳಗೆ ಹೋಗದೆ ಹೋಗಬೇಕಾದಲ್ಲಿಗೇ ಹೋಯಿತು. ಜೂನಿನ ಮೊದಲ ವಾರ ಹೊಸ ಆದೇಶ ಬಂತು. ಬೈಂದೂರು ಕಡೆಯ ಕೆಲಸದಲ್ಲಿದ್ದ ಹೊರ ರಾಜ್ಯದ ಆರು ಆಪರೇಟರರಿಗೆ ಜಲಜ ಸಾಸ್ತಾನದ ಯಾರ್ಡಿನಲ್ಲಿ ತರಬೇತಿ ಕೊಡಬೇಕು.

“ಯಾರ್ಡಿಗೆ ಬತ್ತಿಲ್ಲೆ,” ಎಂದಳು ಜಲಜ. “ಅಲ್ಲ್ ಹೊಂಡ ಇಲ್ಲೆ. ಕಲಿಯುಕೆ ಮನ್ಸ್ ಇದ್ದರ್ ಇಲ್ಲಿಗೇ ಬರ್ಲಿ.”

ಬಂದರು. ಮಳೆ ಬಿಟ್ಟ ಒಂದು ಬೆಳಿಗ್ಗೆ, ಇನ್ನೊಂದು ಕವಲು ಚರಂಡಿ ತೋಡುವಲ್ಲಿಗೆ, ಆರು ಜನ ಗಟ್ಟಿ ಗಂಡಸರು. ಎಲ್ಲರೂ ದೊಡ್ಡ ಹಿಟಾಚಿ ನಡೆಸಿದವರು. ಒಬ್ಬ ಬಂದವನೇ ಮರಿಯ ಸೀಟಿಗೆ ಕೈ ಹಾಕಿದ.

“ಹ್ವಾಯ್! ಮೇಲಲ್ಲ. ಪೆಹಲೇ ನೀಚೇ!” ಎಂದು ಜಲಜ ಹೊಂಡ ತೋರಿಸಿದಳು.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪ್ಯಾಂಟು ಮಡಿಚಿ, ಒಬ್ಬೊಬ್ಬರಾಗಿ ಕೆಸರಿಗೆ ಇಳಿದರು. ಜಲಜ ಮೇಲೆ ಹತ್ತಿ ಕೂತಳು. ಗುಲಾಬಿ ಅಳತೆಕೋಲನ್ನು ಮೊದಲನೆಯವನ ಕೈಗೆ ಕೊಟ್ಟಳು.

“ಗುಲಾಬಿ, ಇವ್ರಿಗೆ ಸೂರ್ಯ ಎಲ್ಲ್ ಹುಟ್ಟುದ್ ಅಂದೇಳಿ ಮೊದ್ಲ್ ತೋರ್ಸ್.”

“ಸೂರ್ಯ ಎಲ್ಲಿತ್ತ್ ಜಲಜಕ್ಕ? ಒಟ್ರಾಶಿ ಮೋಡ.”

“ಹಾಂಗಾರೆ ಬಾಯ್ ಮುಚ್ಚಿ ಕಡ್ಲ್ ಎಲ್ಲ್ ಮೊರಿತ್ತ್ ಅಂದೇಳಿ ಕೇಣುಕೆ ಹೇಳ್.”

ಗುಲಾಬಿ ಬೆರಳನ್ನು ಕಿವಿಗೆ ಮುಟ್ಟಿಸಿ ತೋರಿಸಿದಳು. ಆರು ಜನರೂ ಹೊಂಡದಲ್ಲಿ ಸುಮ್ಮನೆ ನಿಂತು ಕೇಳಿದರು. ಮೊದಲು ಒಬ್ಬ, ಆಮೇಲೆ ಉಳಿದವರು, ಮೆಲ್ಲನೆ ಪಡುವಿಗೆ ತಿರುಗಿದರು.